ಪಾರವ್ವನ ಕಣ್ಣಿಗೆ ಬಂದ ಹೊಸ ಲೆನ್ಸು

ಕೌದಿ ಹೊಲಿಯುವ ಪಾರವ್ವನ ಕಣ್ಣಿನ ಪೊರೆ ತೆಗೆದ ಡಾಕ್ಟರು, ಮಸುಕಾಗಿದ್ದ ಹಳೆಯ ಮಸೂರವನ್ನು ಹೊರಹಾಕಿ, ಅದನ್ನು ಹೊತ್ತಿದ್ದ ತೆಳ್ಳನೆಯ ಚೀಲವನ್ನು ಹಾಗೇ ಉಳಿಸಿ, ಅದರೊಳಗೆ ಹೊಸ ಲೆನ್ಸನ್ನು ಕೂರಿಸಿದರು. ಮಡಿಸಿಕೊಂಡು ಬಂದ ಲೆನ್ಸು ಒಳಗೆ ತನ್ನ ಅಂಚಿನ ಎರಡು ಎಳೆಗಾಲುಗಳನ್ನು ಚಾಚಿದ್ದೇ ತಡ, "ಇನ್ನು ಇಲ್ಲಿನ ಬೆಳಕೆಲ್ಲ ನನ್ನ ಜವಾಬ್ದಾರಿ" ಎಂದು ಘೋಷಿಸಿತು.

"ಅಪ್ಪಣೆ, ದೊರೆ" ಎಂದ ಚೀಲ, ದಿನಕ್ಕಿಷ್ಟು ಕುಗ್ಗುತ್ತ ಅದನ್ನು ಸುತ್ತಲಿಂದ ಅಪ್ಪಿ ಹಿಡಿಯತೊಡಗಿತು.

"ಏನಿದು ಸಲಿಗೆ? ಬಿಡು. ನನಗೆ ನನ್ನದೇ ಎರಡು ಕಾಲುಗಳಿವೆ."

ಚೀಲ ಕೂದಲೆಳೆಯಷ್ಟು ಸಡಿಲಿಸಿತು. ಲೆನ್ಸು ವಾಲಿತು. ದಾರ ಪೋಣಿಸುತ್ತಿದ್ದ ಪಾರವ್ವ, "ಅಯ್ಯೋ ಶಿವನೇ, ಒಂದ್ ಸೂಜಿ ಎರಡಾಗಿ ಕಾಣಾಕತ್ತೈತಲ್ಲ!" ಎಂದು ಗಾಬರಿಯಾದಳು.

"ಹಿಡಿ, ಹಿಡಿ!" ಎಂದು ಲೆನ್ಸು ಚೀರಿತು. ಚೀಲ ಹಿಡಿಯಿತು.

ತಿಂಗಳು ಕಳೆಯಿತು. ದಾರ ಒಂದೇ ಸಲಕ್ಕೆ ಸೂಜಿ ಹೊಕ್ಕಿತು. "ಈ ಲೆನ್ಸು ಭಾಳ ಚಲೋ ಐತಿ" ಎಂದಳು ಪಾರವ್ವ.

"ಕೇಳಿಸಿತೇ?" ಎಂದಿತು ಲೆನ್ಸು.

"ಕೇಳಿಸಿತು, ದೊರೆ. ಎಪ್ಪತ್ತು ವರ್ಷ ಇಲ್ಲೇ ಕೂತಿದ್ದ ಹಳೆಯ ಮಸೂರವೂ, 'ನಾನಿಲ್ಲದೆ ಪಾರವ್ವನ ಗತಿಯೇನು' ಎನ್ನುತ್ತಲೇ ಹೊರಗೆ ಹೋಯಿತು" ಎಂದ ಚೀಲ, ಹಿಡಿತವನ್ನು ಇನ್ನಷ್ಟು ಬಿಗಿ ಮಾಡಿತು.