ಕುಂಕುಮದ ಪೆಟ್ಟಿಗೆ

"ಕೇಳ್ರಪ್ಪೋ ಕೇಳಿ! ಸೋನೆಗಿರಿಯ ರಾಜಕುಮಾರಿ ಸಿರಿಯಾಂಬೆಯವರ ಅಪ್ಪಣೆ. ಅರಮನೆಯ ಡೇಟಾಬೇಸಿಗೆ ಕಾವಲುಗಾರ ಬೇಕಾಗಿದ್ದಾನೆ. ಮೂರು ಒಗಟು ಬಿಡಿಸಿದವನಿಗೆ ಆ ಪದವಿ, ಜೊತೆಗೆ ಬೇಡಿದ್ದೊಂದು ವರ. ತಪ್ಪು ಹೇಳಿದವನಿಗೆ ಶೂಲ!"

ಯಾರ ಹೊಲ ಯಾವುದು, ಯಾವ ಕೇರಿಗೆ ಎಷ್ಟು ಅಕ್ಕಿ, ಯಾವ ಕೆರೆ ಎಷ್ಟು ತುಂಬಿದೆ, ಆ ರಾಜ್ಯದ ಎಲ್ಲವೂ ಹಗಲಿರುಳು ಓಡುವ ಆ ಒಂದು ಡೇಟಾಬೇಸಿನಲ್ಲೇ ಇತ್ತು. ಕಳೆದ ಮಳೆಗಾಲದಲ್ಲಿ ಯಂತ್ರಶಾಲೆಯ ಅಧಿಕಾರಿ ರಂಗರಸ, ನಕಲು ತೆಗೆಯಲೆಂದು ಅದನ್ನು ನಿಲ್ಲಿಸಿದ. ಅದು ನಿಂತ ಹೊತ್ತಿನಲ್ಲೇ ಕೆರೆ ಕಾಯುವವನು 'ಕಟ್ಟೆ ಬಿರಿಯುತ್ತಿದೆ' ಎಂದು ಸುದ್ದಿ ಕಳಿಸಿದ. ಸುದ್ದಿ ಎಲ್ಲಿಯೂ ದಾಖಲಾಗಲಿಲ್ಲ. ತಗ್ಗಿನ ಕೇರಿ ಕೊಚ್ಚಿಹೋಯಿತು. ರಾಜಕುಮಾರಿಗೆ ಎದೆಹಾಲು ಕೊಟ್ಟು ಬೆಳೆಸಿದಾಕೆಯೂ ಹೋದಳು. "ದೈವೇಚ್ಛೆ, ತಾಯಿ" ಎಂದು ಸಮಾಧಾನ ಹೇಳಲು ಬಂದವರ ಮೇಲೆ ಸಿರಿಯಾಂಬೆ ಉರಿದುಬಿದ್ದಳು. ಭಗವಂತ ಆ ಸಿಟ್ಟನ್ನೂ ಪ್ರಾರ್ಥನೆಯೆಂದೇ ಕೇಳಿಸಿಕೊಂಡಿರಬೇಕು. ಆತನ ಕಿವಿ ದೊಡ್ಡದು.

ಕುರಿ ಕಾಯುವ ಮಾಳಿಂಗ ಡಂಗುರ ಕೇಳಿ ಹಲ್ಲು ಕಡಿದ. ಅವನ ಅಣ್ಣ ಸಿದ್ರಾಯ ಯಂತ್ರಶಾಲೆಯಲ್ಲಿ ಕಪ್ಪು ಪರದೆಯ ಮುಂದೆ ಕುಳಿತು ಆಜ್ಞೆ ಟೈಪು ಮಾಡುವ ನೌಕರ. ಎರಡು ಒಗಟು ಗೆದ್ದು ಮೂರನೆಯದಕ್ಕೆ ತಪ್ಪಿ ಸೆರೆ ಸೇರಿದ್ದ, ಬೆಳಗಾದರೆ ಶೂಲ. ಅಣ್ಣನಿಗೆ ಬುತ್ತಿ ಕೊಡಲು ಹೋಗಿ ಕೂತಾಗ ಕಂಡದ್ದು, ಕೇಳಿದ್ದು, ಅಷ್ಟೇ ಮಾಳಿಂಗನ ವಿದ್ಯೆ. ಹಣೆಗೆ ಭಂಡಾರದ ಅರಿಶಿನ ಬಳಿದುಕೊಂಡು, ಕುಲದೇವರನ್ನು ನೆನೆದು, ಕಂಬಳಿ ಹೆಗಲಿಗೆಸೆದು ಅವನು ಅರಮನೆಗೆ ನಡೆದ.

"ಏನಯ್ಯಾ, ಕುರಿಹಟ್ಟಿ ಅಂತ ತಿಳಿದು ಒಳಗೆ ಬಂದೆಯೋ?" ಎಂದು, ತಾನೂ ಒಗಟು ಬಿಡಿಸಲು ಬಂದಿದ್ದ ಪಾಳೆಯಗಾರನ ಮಗ ಭೂಪಾಲ ನಕ್ಕ.

"ಹೌದ್ರಿ, ಟಗರು ಕಂಡಂಗಾತು," ಎಂದ ಮಾಳಿಂಗ.

"ಸಾಕು!" ಸಿರಿಯಾಂಬೆ ಗದರಿದಳು. "ಮೊದಲ ಒಗಟು. ಹರಿಯುವ ಹೊಳೆಯ ಚಿತ್ರ ಬೇಕು. ಈ ದಡ ಬರೆದು ಆ ದಡಕ್ಕೆ ಬರುವಷ್ಟರಲ್ಲಿ ನೀರೇ ಬೇರೆಯಾಗಿರುತ್ತದೆ. ಹಳತೂ ಹೊಸತೂ ಕಲಸದ ಹಾಗೆ ಬರೆಯುವುದು ಹೇಗೆ?"

"ಕಟ್ಟೆ ಕಟ್ಟಿ ಹೊಳೆಯನ್ನೇ ನಿಲ್ಲಿಸಿದರಾಯಿತು," ಎಂದ ಭೂಪಾಲ.

"ಮತ್ತೆ ನಿಲ್ಲಿಸುತ್ತೀಯಾ? ಇನ್ನೆಷ್ಟು ಜನ ಮುಳುಗಬೇಕು? ಎಳೆದೊಯ್ಯಿರಿ ಇವನನ್ನು!"

ಮಾಳಿಂಗ ಮುಂದೆ ಬಂದ. "ನೋಡ್ರಿ ತಾಯಿ, ಕುರಿ ಮೇಯ್ಕೋತ ಅಡ್ಡಾಡತಾವ. ನಡಕೋತ ಎಣಿಸಿದ್ರ, ಎಣಿಸಿದ್ದ ಕುರೀನ ಆ ಕಡೆ ಹೋಗಿ ಮತ್ತ ಎಣಿಕಿಗೆ ಸಿಗತೈತಿ. ನಾನು ದಿಬ್ಬ ಹತ್ತಿ ಒಮ್ಮೆ ಕಣ್ತುಂಬ ನೋಡಿ, ಕಣ್ಣು ಮುಚ್ಚಿ, ಕಣ್ಣಾಗ ನಿಂತ ಕುರಿ ಎಣಸ್ತೀನಿ. ಹಿಂಡು ಮೇಯೋದು ಮೇಯ್ತಾನ ಇರತೈತಿ. ನಮ್ಮಣ್ಣ ಸಿದ್ರಾಯ ಯಂತ್ರಕ್ಕೂ ಹಂಗ ಹೇಳ್ತಾನ: ಈ ಗಳಿಗಿಗೆ ಹೆಂಗೈತೋ ಅಷ್ಟ ಬರಕೋ, ಆಮ್ಯಾಲೆ ಬಂದದ್ದು ಬೆರಸಬ್ಯಾಡ, ಯಾರ ಕೆಲಸಾನೂ ತಡೀಬ್ಯಾಡ."

ಸಿರಿಯಾಂಬೆ ಹೌದೆನ್ನಲಿಲ್ಲ, ಮುಂದಿನ ಒಗಟನ್ನೇ ಎಸೆದಳು. "ಒಡೆಯನನ್ನು ಬದುಕಿಸಲೆಂದೇ ಸಾಕಿದ ಆಳು. ಒಡೆಯನ ಜೊತೆಗೇ ಮಲಗುತ್ತಾನೆ, ಒಡೆಯ ಸತ್ತ ಗಳಿಗೆಯಲ್ಲೇ ಸಾಯುತ್ತಾನೆ. ಯಾರು?"

"ಹೆಂಡತಿ!" ಎಂದ ವರ್ತಕನ ಮಗ ಜಿನ್ನಪ್ಪ.

"ಇದೊಂದು ಹೇಳಲು ಇಷ್ಟು ದೂರ ಬಂದೆಯಾ?" ಭಟರು ಅವನ ರಟ್ಟೆ ಹಿಡಿದರು.

"ಡೇಟಾಬೇಸ್ ಓಡೋ ಯಂತ್ರದೊಳಗ ಇಟ್ಟ ಅದರ ನಕಲು," ಎಂದ ಮಾಳಿಂಗ. "ಯಂತ್ರಕ್ಕ ಬೆಂಕಿ ಬಿದ್ರ ಅದಕ್ಕೂ ಬೀಳ್ತದ. ನಕಲಿಗೆ ಬ್ಯಾರೆ ಮನಿ ಬೇಕು."

ಸಿರಿಯಾಂಬೆ ಮುಂದಕ್ಕೆ ಬಾಗಿದಳು. "ಮೂರನೆಯದು. ಕಷ್ಟಕಾಲಕ್ಕೆ ನಾನಿದ್ದೇನೆ ಎನ್ನುತ್ತದೆ. ಎಲ್ಲರೂ ನಂಬಿ ಕೈಮುಗಿಯುತ್ತಾರೆ. ಒಳಗೇನಿದೆಯೆಂದು ಕಂಡವರಿಲ್ಲ. ನಿಮ್ಮಣ್ಣ ಇದಕ್ಕೆ 'ದೇವರು' ಎಂದ. ನೀನೂ ಅದನ್ನೇ ಒದರುತ್ತೀಯೋ?"

ಮಾಳಿಂಗನ ಮೈಯೆಲ್ಲ ಬಿಸಿಯಾಯಿತು. ಅಣ್ಣನ ಮೇಲೂ ಸಿಟ್ಟು ಬಂತು. ಅರಮನೆಯ ದೇವರ ಮನೆಯಲ್ಲಿಟ್ಟ, ಡೇಟಾಬೇಸಿನ ನಕಲು ಬೀಳುವ ಪೆಟ್ಟಿಗೆಗೆ ಪ್ರತಿ ಶುಕ್ರವಾರ ಕುಂಕುಮ ಹಚ್ಚಿ, ದಾರ ಸುತ್ತಿ, ಕರ್ಪೂರ ಬೆಳಗುತ್ತಿದ್ದವನು ಅವನೇ ಅಲ್ಲವೇ?

"ದೇವರಲ್ಲ. ಬಿಚ್ಚಿ ನೋಡಲಾರದ ನಕಲು!"

"ನಾನು ನೆನೆದ ಉತ್ತರವೂ ಅದೇ," ಎಂದಳು ಸಿರಿಯಾಂಬೆ.

"ಹಂಗಾರ ನಿಮ್ಮದನ್ನ ಯಾರರೆ ಬಿಚ್ಚಿ ನೋಡ್ಯಾರೇನ್ರಿ?"

ರಂಗರಸ ಎದ್ದು ನಿಂತ. "ಛೇ, ಛೇ! ಪೂಜೆ ಮಾಡಿದ ಪೆಟ್ಟಿಗೆ. ಬಿಚ್ಚಿದರೆ ಮೈಲಿಗೆ!"

"ಬಿಚ್ಚದಿದ್ರ ರಾಜ್ಯಾನ ಹೋಗತೈತಲ್ರೀ!" ಮಾಳಿಂಗ ಕೂಗಿದ. "ನಿಮ್ಮ ಸೋಮಾರಿತನಕ್ಕ ದೇವರನ್ಯಾಕ ಕಾವಲಿಗೆ ನಿಲ್ಲಸ್ತೀರಿ?"

"ತನ್ನಿ ಅದನ್ನು," ಎಂದಳು ಸಿರಿಯಾಂಬೆ, ಹಲ್ಲು ಕಚ್ಚಿ.

ಮಾಳಿಂಗ ಕೈಮುಗಿದು ದಾರ ಹರಿದ. ಬರಿದಾದ ಇನ್ನೊಂದು ಯಂತ್ರಕ್ಕೆ ಪೆಟ್ಟಿಗೆಯನ್ನು ಜೋಡಿಸಿ, ಅಣ್ಣನ ಬೆರಳು ಆಡುತ್ತಿದ್ದುದನ್ನು ನೆನೆದು, ನಕಲನ್ನು ಮತ್ತೆ ಜೀವಕ್ಕೆ ತರುವ ಆಜ್ಞೆ ಟೈಪು ಮಾಡಿದ. ಕಪ್ಪು ಪರದೆ ಕಪ್ಪಾಗಿಯೇ ಉಳಿಯಿತು. ಒಂದು ಕೇರಿಯಿಲ್ಲ, ಒಂದು ಹೊಲವಿಲ್ಲ. ಪೆಟ್ಟಿಗೆಯ ಡಿಸ್ಕು ಎಂದೋ ಕೆಟ್ಟಿತ್ತು. ನಕಲು ಬೀಳುತ್ತಿಲ್ಲವೆಂದು ಯಂತ್ರ ಕೊಟ್ಟ ಎಚ್ಚರಿಕೆಯನ್ನು ಯಾರೂ ಓದಿರಲಿಲ್ಲ.

ರಂಗರಸ ಹಿಂದಕ್ಕೆ ಸರಿದ. ಸಿರಿಯಾಂಬೆ ಅವನ ಕಡೆ ತಿರುಗಿದಳು, ಕಣ್ಣು ಕೆಂಡವಾಗಿತ್ತು. ಆದರೆ ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು. ಆ ಪೆಟ್ಟಿಗೆಗೆ ಶುಕ್ರವಾರ ಶುಕ್ರವಾರ ಆಕೆಯೂ ಕೈಮುಗಿದಿದ್ದಳು.

"ಇಂದಿನಿಂದ ಕಾವಲು ನಿನ್ನದು," ಎಂದಳು ಕೊನೆಗೆ. "ವರ ಕೇಳು."

"ಸೆರೆಯಾಗಿದ್ದವ್ರನ್ನ ಬಿಡ್ರಿ."

"ಅಣ್ಣನನ್ನು ಬಿಡುತ್ತೇನೆ. ಒಂದೇ ವರ ಅಂದಿದ್ದೆ."

"ಸೆರೆಮನಿಗೆ ಒಂದ ಬಾಗಲಾ ಐತ್ರಿ ತಾಯಿ. ತಗದ್ರ ಎಲ್ಲಾರೂ ಬರ್ತಾರ."

ಆಕೆ ಅವನನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ಸೊಂಟದ ಬೀಗದ ಕೈ ಬಿಚ್ಚಿ ಅವನ ಕಂಬಳಿಯ ಮೇಲೆ ಎಸೆದಳು.

ಭೂಪಾಲ ತಲೆ ತಗ್ಗಿಸಿ ಹೊರಬಂದ, ಜಿನ್ನಪ್ಪ ಓಡಿಯೇಬಿಟ್ಟ. ಸಿದ್ರಾಯ ಕೊನೆಗೆ ಬಂದ. "ದೇವರು ಅಂದ್ರ ತಪ್ಪಾತೇನೋ ತಮ್ಮಾ?"

"ದೇವರು ತಪ್ಪಲ್ಲಣ್ಣ. ಕೆಲಸ ನಿನ್ನದಿತ್ತು, ಅವನ ಮ್ಯಾಲೆ ಹಾಕಿದಿ," ಎಂದ ಮಾಳಿಂಗ. ಸಿಟ್ಟಿನ್ನೂ ಇಳಿದಿರಲಿಲ್ಲ, ಆದರೂ ಕಂಬಳಿ ತೆಗೆದು ಅಣ್ಣನಿಗೆ ಹೊದಿಸಿದ. ಇಬ್ಬರೂ ಯಂತ್ರಶಾಲೆಗೆ ನಡೆದರು. ಅಲ್ಲಿ ರಾಜ್ಯವೆಲ್ಲ ಓಡುತ್ತಲೇ ಇತ್ತು, ಅದರ ಒಂದು ನಕಲೂ ಈ ಲೋಕದಲ್ಲಿರಲಿಲ್ಲ. ಅಷ್ಟು ದಿನ ಅದನ್ನು ಕಾದ ದಯಾಮಯನಿಗೆ ಕೈಮುಗಿದು ಸಿದ್ರಾಯ ಕುಳಿತ, ಹೊಸ ನಕಲು ತೆಗೆಯುವ ಆಜ್ಞೆ ಟೈಪು ಮಾಡತೊಡಗಿದ.