ಬೆನ್ನಿಗೆ ಬಿದ್ದ ಫಲಕ

ಘಾಟಿಯ ತಿರುವಿನಲ್ಲಿ "ಮುಂದೆ ಅಪಾಯ, ನಿಧಾನ" ಎಂದು ಸಾರುತ್ತ ತಗಡಿನ ಫಲಕವೊಂದು ಹದಿನೆಂಟು ವರ್ಷದಿಂದ ನಿಂತಿತ್ತು. ಅಲ್ಲಿ ದೊಡ್ಡ ಎಲ್‌ಇಡಿ ಪರದೆ ಕಟ್ಟಲು ಬಂದ ಗುತ್ತಿಗೆದಾರ ಪರಪ್ಪ, ಹಿಂಬದಿ ಮುಚ್ಚುವ ತಗಡಿನ ಖರ್ಚು ಉಳಿಸಲೆಂದು ಆ ಫಲಕವನ್ನೇ ಕಿತ್ತು, ಅಕ್ಷರಗಳನ್ನು ಒಳಮುಖ ಮಾಡಿ ಪರದೆಯ ಬೆನ್ನಿಗೆ ಜಡಿದ.

"ತಮ್ಮಾ, ಮುಂದೆ ಅಪಾಯವಿದೆ ಅಂತ ನೀನಾದರೂ ಹೇಳಪ್ಪಾ" ಎಂದು ಫಲಕ ಅಂಗಲಾಚಿತು.

"ನನಗೆ ಕೊಟ್ಟಿರುವುದು ಸೀರೆ, ಸೋಪಿನ ಜಾಹೀರಾತು ಅಜ್ಜಾ. ನಿನ್ನ ಮಾತು ಯಾರಿಗೆ ಬೇಕು?" ಎಂದಿತು ಪರದೆ.

ಅದೇ ವಾರ ಲಾರಿ ಚಾಲಕ ರುದ್ರಮುನಿ ಪರದೆಯ ಬಣ್ಣಗಳನ್ನೇ ನೋಡುತ್ತ ಬಂದು ಕಣಿವೆಗೆ ಉರುಳಿದ. ಮುಖ ಒಳಗಾಗಿದ್ದ ಫಲಕಕ್ಕೆ ಸದ್ದು ಮಾತ್ರ ಕೇಳಿಸಿತು.

ಮರುದಿನ ಪರದೆ ಹಿಗ್ಗಿ ಹೇಳಿತು: "ಅಜ್ಜಾ, ಇವತ್ತು ರುದ್ರಮುನಿಗೆ ಭಾವಪೂರ್ಣ ಶ್ರದ್ಧಾಂಜಲಿ. ಫೋಟೊ ಎಷ್ಟು ಹೊಳೆಯುತ್ತಿದೆ ಅಂದರೆ, ಡ್ರೈವರುಗಳೆಲ್ಲ ತಿರುತಿರುಗಿ ನೋಡುತ್ತಿದ್ದಾರೆ!"