ರಾಣಿಯ ಹೆಗಲು

ಏರುದಾರಿಯ ಪಕ್ಕದಲ್ಲಿ ಹಿಂದೊಬ್ಬ ಪುಣ್ಯವಂತೆ ರಾಣಿ ನೆಡಿಸಿದ ಎರಡು ಕಲ್ಲುಗಳಿದ್ದವು. ಒಂದು ಅವಳ ಹೆಸರು ಹೊತ್ತ ಶಾಸನ. ಇನ್ನೊಂದು, ತಲೆಹೊರೆಯವರು ನಿಂತಲ್ಲೇ ಹೊರೆ ಇಳಿಸಿ ದಣಿವಾರಿಸಿಕೊಳ್ಳುವ ಹೊರೆಗಲ್ಲು.

"ತಂಗೀ, ನನ್ನ ಅಕ್ಷರಗಳೆಲ್ಲ ಸವೆದುಹೋದವು," ಎಂದಿತು ವಾಲಿ ನಿಂತ ಶಾಸನ. "ಇನ್ನು ನಮ್ಮ ರಾಣಿತಾಯಿಯನ್ನು ನೆನೆಯುವವರು ಯಾರು? ನಿನ್ನ ಮೈಮೇಲಂತೂ ಒಂದಕ್ಷರವೂ ಇಲ್ಲ."

ಹೊರೆಗಲ್ಲಿಗೆ ಸಂಕಟವಾಯಿತು. ತನ್ನನ್ನು ನಿಲ್ಲಿಸಿದವಳ ಹೆಸರು ತನ್ನ ಕಣ್ಣೆದುರೇ ಅಳಿಯುವುದೇ? "ದೇವರೇ, ನನಗೂ ಒಂದಕ್ಷರ ಕೊಡಬಾರದಿತ್ತೇ," ಎಂದು ಮರುಗಿತು.

ಅಷ್ಟರಲ್ಲಿ ಸೌದೆ ಹೊತ್ತ ಮುದುಕಿಯೊಬ್ಬಳು ಏದುಸಿರು ಬಿಡುತ್ತ ಬಂದಳು. ಹೊರೆ ಇಳಿಸಿಕೊಡಲು ಹತ್ತಿರ ಯಾರೂ ಇರಲಿಲ್ಲ. "ರಾಣಿಯವ್ವಾ, ಚೂರು ಹೆಗಲು ಕೊಡೇ ತಾಯಿ," ಎನ್ನುತ್ತ ಹೊರೆಯನ್ನು ಕಲ್ಲಿನ ಮೇಲಿಟ್ಟು, ಆ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ದಿನವೂ ಕೇಳುವ ಮಾತೇ ಅಂದು ಹೊರೆಗಲ್ಲಿಗೆ ದೇವರ ಉತ್ತರದಂತೆ ಕೇಳಿಸಿತು.

ಶಾಸನ ನಕ್ಕಿತು. "ಪಾಪ, ನಿನ್ನನ್ನೇ ರಾಣಿ ಅಂದುಕೊಂಡಿದ್ದಾಳೆ."

"ಅಂದುಕೊಳ್ಳಲಿ ಬಿಡಕ್ಕಾ. ತಾಯಿ ಇಲ್ಲೇ ನಿಂತಿದ್ದರೂ ಹೆಗಲನ್ನೇ ಕೊಡುತ್ತಿದ್ದಳು."

ಶಾಸನ ಮೆಲ್ಲಗೆ ಹೇಳಿತು: "ನಾನೂ ವಾಲಿದ್ದೇನೆ ತಂಗಿ. ಬೀಳುವ ದಿನ ನನಗೂ ಚೂರು ಹೆಗಲು ಕೊಡು."